ಅಂಗಳದ ನೀರಿಗೊಂದು ದಾರಿ

ಪುಷ್ಯ ಮಳೆ ಹಿಡಿಯಿತೆಂದರೆ ಹೊನ್ನಾಳಿ, ನ್ಯಾಮತಿ ಕಡೆಯ ಹಳೆಯ ಮನೆಗಳಲ್ಲಿ ಮೊದಲು ಬಣ್ಣ ಬದಲಿಸುವುದು ಗೋಡೆಯ ಬುಡ. ನೆಲದಿಂದ ಒಂದು ಗೇಣು ಮೇಲಕ್ಕೆ ಕಪ್ಪನೆಯ ಗೆರೆ ಏರುತ್ತದೆ. ಸುಣ್ಣ ಉಬ್ಬಿ ಹಕ್ಕಳೆಯಾಗಿ ಉದುರುತ್ತದೆ. ಕೋಣೆಯ ಮೂಲೆಯಲ್ಲಿಟ್ಟ ಭತ್ತದ ಚೀಲ ಮುಗ್ಗಲು ವಾಸನೆ ಹೊಡೆಯುತ್ತದೆ. ಸೂರು ಸೋರಿದರೆ ಮನೆಯವರಿಗೆ ಅದೇ ರಾತ್ರಿ ಗೊತ್ತಾಗುತ್ತದೆ, ಪಾತ್ರೆ ಇಟ್ಟು ಹನಿ ಹಿಡಿಯುತ್ತಾರೆ. ತಳಪಾಯಕ್ಕೆ ಇಳಿಯುವ ನೀರು ಹಾಗಲ್ಲ. ಅದು ಸದ್ದು ಮಾಡುವುದಿಲ್ಲ. ವರ್ಷಗಟ್ಟಲೆ ಕೆಲಸ ಮಾಡಿ, ಒಂದು ಮಳೆಗಾಲದ ಬೆಳಗಿನ ಜಾವ ಗೋಡೆಯನ್ನು ಕೆಡವಿಬಿಡುತ್ತದೆ.

ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು 2018ರಲ್ಲಿ. ಕಾಗದದ ಮೇಲೆ ನಾಲ್ಕೂ ಒಂದೇ ಜಿಲ್ಲೆಯವಾದರೂ ಮಳೆಯ ಮಟ್ಟಿಗೆ ಅವು ಬೇರೆ ಬೇರೆ ಸೀಮೆಗಳು. ನ್ಯಾಮತಿ, ಹೊನ್ನಾಳಿ, ಚನ್ನಗಿರಿಗಳ ಪಶ್ಚಿಮದ ಅಂಚು ಮಲೆನಾಡಿನ ಸೆರಗು. ಅಲ್ಲಿ ಮಳೆ ದಿನಗಟ್ಟಲೆ ಜಿನುಗುತ್ತದೆ. ಜಗಳೂರು ಅಪ್ಪಟ ಬಯಲುಸೀಮೆ. ಅಲ್ಲಿ ಬರುವುದೇ ಅಪರೂಪ, ಬಂದರೆ ಹಸ್ತ ಚಿತ್ತೆಗಳಲ್ಲಿ ಒಂದೆರಡು ಗಂಟೆಯ ಆರ್ಭಟ. ಒಂದು ಕಡೆ ಮನೆ ನೆನೆಯುವುದನ್ನು ತಡೆದುಕೊಳ್ಳಬೇಕು, ಇನ್ನೊಂದು ಕಡೆ ಕೊಚ್ಚಿಹೋಗುವುದನ್ನು. ಅಂಗಳದ ನೀರನ್ನು ಹೊರಹಾಕುವ ಉಪಾಯಗಳೂ ಈ ವ್ಯತ್ಯಾಸಕ್ಕೆ ತಕ್ಕಂತೆಯೇ ಬೆಳೆದವು.

ಜಗಳೂರು ಸೀಮೆಯ ಹಳೆಯ ಮನೆ ಎಂದರೆ ಮಾಳಿಗೆ ಮನೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸೊಪ್ಪು ಸದೆ, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಚೌಳು ಮಣ್ಣೇ ಬೇಕು. ಹೊಲದಲ್ಲಿ ಚೌಳು ಎಂದರೆ ರೈತನಿಗೆ ಶತ್ರು, ಅದರಲ್ಲಿ ಪೈರು ಏಳುವುದಿಲ್ಲ. ಅದೇ ಮಣ್ಣು ಮಾಳಿಗೆ ಏರಿದರೆ ಮನೆ ಕಾಯುತ್ತದೆ. ಕಾರಣ ಅದರಲ್ಲಿರುವ ಸೋಡಿಯಂ ಲವಣ. ಮೊದಲ ಮಳೆ ಬಿದ್ದೊಡನೆ ಜೇಡಿಕಣಗಳು ಬಿಡಿಬಿಡಿಯಾಗಿ ಉಬ್ಬಿ, ಮಣ್ಣಿನ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಆಮೇಲೆ ಬಿದ್ದ ನೀರು ಕೆಳಗಿಳಿಯದೆ ಇಳಿಜಾರು ಹಿಡಿದು ಹರಿಯುತ್ತದೆ. ಬೆಳೆಯ ಬೇರಿಗೆ ನೀರಿಳಿಸದ ಗುಣವೇ ಇಲ್ಲಿ ಉಪಕಾರ. ರಸಾಯನಶಾಸ್ತ್ರ ತಿಳಿಯದ ಕಾಲದಲ್ಲಿ ಇದನ್ನು ಕಂಡುಕೊಂಡವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಮಾಳಿಗೆಯ ನೀರು ದೋಣಿಗಳ ಮೂಲಕ ಹೊರಬೀಳುತ್ತದೆ. ಮರದ್ದೋ ಕಲ್ಲಿನದ್ದೋ ಆದ ಈ ದೋಣಿ ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಿರುತ್ತದೆ. ಗೋಡೆ ಹಸಿ ಇಟ್ಟಿಗೆಯದು, ನೀರು ಅದರ ಮೈ ಸವರಿ ಇಳಿಯಕೂಡದು. ನೀರು ಬೀಳುವ ಜಾಗದಲ್ಲಿ ಒಂದು ಚಪ್ಪಡಿ, ಅಲ್ಲಿಂದ ಬೀದಿಗೆ ಅಥವಾ ಹಿತ್ತಲಿಗೆ ಕಾಲುವೆ. ಒಂದು ಸಾವಿರ ಚದರಡಿಯ ಮಾಳಿಗೆಯ ಮೇಲೆ 25 ಮಿಲಿಮೀಟರ್ ಮಳೆ ಸುರಿದರೆ ಸುಮಾರು 2,300 ಲೀಟರ್ ನೀರಾಗುತ್ತದೆ. ಇಷ್ಟೂ ಎರಡು ಮೂರು ದೋಣಿಗಳಿಂದ ಗೋಡೆಯ ಬುಡಕ್ಕೇ ಸುರಿದರೆ ಏನಾದೀತೆಂದು ಊಹಿಸಬಹುದು. ಮನೆಯ ಮುಂದಿನ ಜಗಲಿಕಟ್ಟೆಯೂ ಬರೀ ಕೂತು ಮಾತಾಡುವುದಕ್ಕೆ ಹುಟ್ಟಿದ್ದಲ್ಲ. ನೆಲಕ್ಕೆ ಬಡಿದು ಸಿಡಿಯುವ ಹನಿ ಗೋಡೆಯನ್ನು ಮುಟ್ಟದಂತೆ ತಡೆಯುವುದು ಅದೇ.

ಈ ವ್ಯವಸ್ಥೆಗೆ ಒಂದು ದೌರ್ಬಲ್ಯವೂ ಇತ್ತು. ಮುಂಗಾರಿಗೆ ಮೊದಲು ಹೊಸ ಚೌಳು ಹರಡುವುದು ಪದ್ಧತಿ. ಹಳೆಯದನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತ ಹೋದರೆ ತಲೆಮಾರು ಕಳೆಯುವುದರೊಳಗೆ ಜಂತಿಗಳ ಮೇಲೆ ಹೊರಲಾರದ ಭಾರ. ಅದು ಸತತ ಮಳೆಗೆ ನೆನೆದು ಇನ್ನಷ್ಟು ತೂಕ ಪಡೆಯುತ್ತದೆ. ಮಳೆಗಾಲದಲ್ಲಿ ಪತ್ರಿಕೆಗಳ ಮೂಲೆಯಲ್ಲಿ ಕಾಣಿಸಿಕೊಳ್ಳುವ ಮಾಳಿಗೆ ಕುಸಿತದ ಸಣ್ಣ ಸುದ್ದಿಗಳ ಹಿಂದೆ ಬಹಳ ಸಲ ಈ ಲೆಕ್ಕವೇ ಇರುತ್ತದೆ.

ಪಶ್ಚಿಮದ ತಾಲ್ಲೂಕುಗಳಲ್ಲಿ ಮಾಳಿಗೆಗಿಂತ ಹೆಂಚಿನ ಮಾಡಿಗೆ ಬೆಲೆ. ಮೊದಲು ಕುಂಬಾರನ ನಾಡಹೆಂಚು, ಬಳಿಕ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚು ಘಟ್ಟ ಹತ್ತಿ ಒಳನಾಡಿಗೂ ಬಂತು. ಹೆಂಚಿನ ಸೂರು ನೀರನ್ನು ಒಂದೆಡೆ ಸೇರಿಸದೆ ಮನೆಯ ಉದ್ದಕ್ಕೂ ಹನಿಸುತ್ತದೆ. ಹೀಗಾಗಿ ಪ್ರಶ್ನೆ ಮನೆಯ ಗಡಿ ದಾಟಿ ನೆರೆಮನೆಗೆ ಹೋಗುತ್ತದೆ. ನಮ್ಮ ಸೂರಿನ ನೀರು ಯಾರ ಜಾಗದಲ್ಲಿ ಬೀಳಬೇಕು? ಅಣ್ಣತಮ್ಮಂದಿರ ಪಾಲಿನ ವೇಳೆ ಎತ್ತು ಬಂಡಿಗಳ ಜತೆಗೆ ಸೂರುನೀರಿನ ದಾರಿಯೂ ಜಗಳದ ವಸ್ತುವಾಗುವುದು ಹಳ್ಳಿಗಳಲ್ಲಿ ಹೊಸದೇನಲ್ಲ.

ಹೊಸದಲ್ಲ ಎಂಬುದಕ್ಕೆ ದೊಡ್ಡ ಸಾಕ್ಷಿ ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ತಾಳೆಯೋಲೆಯಿಂದ 1909ರಲ್ಲಿ ಅಚ್ಚಾದ ಈ ಗ್ರಂಥ ರಾಜನೀತಿ, ಗೂಢಚಾರರ ಮಾತಿನಿಂದಲೇ ಪ್ರಸಿದ್ಧ. ಅದರ ಮೂರನೆಯ ಅಧಿಕರಣದಲ್ಲಿ ಮನೆಯ ಚರಂಡಿಯ ವಿಚಾರವೂ ಬರುತ್ತದೆ. ನೀರು ತಡೆಯಿಲ್ಲದೆ ಹರಿಯುವಷ್ಟು ಇಳಿಜಾರಿರಬೇಕು, ನೆರೆಯವನ ಗೋಡೆಯಿಂದ ಇಂತಿಷ್ಟು ದೂರವಿರಬೇಕು. ತಪ್ಪಿದವನಿಗೆ 54 ಪಣ ದಂಡ. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಈ ನಿಯಮವನ್ನು ಇಂದಿನ ಬಡಾವಣೆಗಳಲ್ಲಿ ಜಾರಿಗೆ ತಂದರೆ ಪುರಸಭೆಗಳ ಬೊಕ್ಕಸ ತುಂಬೀತು.

ನೀರಿನ ವಿಷಯದಲ್ಲಿ ಚನ್ನಗಿರಿಗೆ ದೊಡ್ಡ ಹೆಸರು ತಂದದ್ದು ಸೂಳೆಕೆರೆ, ಅಂದರೆ ಶಾಂತಿಸಾಗರ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಹರಿದ್ರಾವತಿಯನ್ನು ತಡೆದು ನಿಲ್ಲಿಸಿದ ಈ ಕೆರೆಯನ್ನು ಕಟ್ಟಿಸಿದವಳು ರಾಜಕುಮಾರಿ ಶಾಂತವ್ವ ಎಂಬುದು ಜನರ ನಂಬಿಕೆ. ಸಿದ್ದ, ಬಸವ ಎಂಬ ಎರಡು ನಾಲೆಗಳು ಅದರಿಂದ ಹೊರಡುತ್ತವೆ. ಕೆರೆಗೆ ತೂಬು ಎಷ್ಟು ಮುಖ್ಯವೋ ಕೋಡಿಯೂ ಅಷ್ಟೇ ಮುಖ್ಯ. ಹೆಚ್ಚಾದ ನೀರಿಗೆ ಮೊದಲೇ ದಾರಿ ತೋರಿಸದಿದ್ದರೆ ಅದು ಏರಿಯನ್ನೇ ಒಡೆದು ದಾರಿ ಮಾಡಿಕೊಳ್ಳುತ್ತದೆ. ಕೆರೆಯ ದುರಸ್ತಿಗೆಂದು ಕೆರೆಕೊಡಗಿ, ಕಟ್ಟುಕೊಡಗಿ ಎಂದು ಜಮೀನು ಬಿಟ್ಟುಕೊಟ್ಟ ದಾಖಲೆಗಳು ಕರ್ನಾಟಕದ ಶಾಸನಗಳಲ್ಲಿ ಹೇರಳವಾಗಿವೆ. ಕಟ್ಟುವ ಖರ್ಚಿನ ಜತೆಗೆ ಹೂಳು ತೆಗೆಯುವ ಖರ್ಚನ್ನೂ ಅಂದಿನವರು ಲೆಕ್ಕ ಹಿಡಿದಿದ್ದರು.

1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಚನ್ನಗಿರಿ, ಹೊನ್ನಾಳಿಗಳ ಹೊಲಗಳಿಗೆ ಹರಿಯಿತು. ಜೋಳ, ರಾಗಿ ಬೆಳೆಯುತ್ತಿದ್ದಲ್ಲಿ ಭತ್ತ ನಿಂತಿತು, ಅಡಿಕೆ ತೋಟ ಎದ್ದಿತು. ಆದರೆ ವರ್ಷದ ಬಹುಪಾಲು ನೀರು ನಿಲ್ಲುವ ಗದ್ದೆಯ ಪಕ್ಕದ ಮನೆಗೆ ಮಳೆ ನಿಂತ ಮೇಲೂ ಶೀತ ಬಿಡುವುದಿಲ್ಲ, ಏಕೆಂದರೆ ಇಲ್ಲಿ ನೀರು ಬರುವುದು ಕೆಳಗಿನಿಂದ. ನ್ಯಾಮತಿ ತಾಲ್ಲೂಕಿನಲ್ಲಿ ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರ ಬೆಟ್ಟದಲ್ಲಿ ಬಂಡೆಯ ಸಂದಿನಿಂದ ಒಸರುವ ನೀರು ಭಕ್ತರಿಗೆ ತೀರ್ಥ. ಅಂಥದೇ ಒಸರು ಗುಡ್ಡದ ಬುಡದ ಮನೆಯ ಹಿಂಗೋಡೆಗೆ ತಗುಲಿದರೆ ಕಷ್ಟ. ಹೀಗೆ ನೆಲದೊಳಗಿನ ನೀರಿಗೆ ಮೇಲಿನ ಚರಂಡಿ ಏನೂ ಮಾಡಲಾರದು. ಅಡಿಕೆ ಬೆಳೆಗಾರನಿಗೆ ಇದು ಚೆನ್ನಾಗಿ ಗೊತ್ತು. ಬೇರು ಕೊಳೆಯದಿರಲೆಂದು ಸಾಲುಗಳ ನಡುವೆ ಆಳವಾದ ಬಸಿಗಾಲುವೆ ತೋಡುತ್ತಾನೆ. ವಿಚಿತ್ರವೆಂದರೆ ಮರಕ್ಕೆ ಮಾಡಿದ ಈ ಉಪಚಾರವನ್ನು ಮನೆಗೆ ಮಾಡಲು ಅವನಿಗೆ ತೋಚುವುದು ಕಡಿಮೆ.

ಹೊಲದ ಬಸಿಗಾಲುವೆಯ ತತ್ವ ಮನೆಯಂಗಳಕ್ಕೆ ಬಂದ ಕಥೆ ಅಮೆರಿಕದಲ್ಲಿದೆ. ಹೆನ್ರಿ ಫ್ಲ್ಯಾಗ್ ಫ್ರೆಂಚ್ ಎಂಬ ನ್ಯಾಯಾಧೀಶ 1859ರಲ್ಲಿ ಹೊಲಗಳ ನೀರು ಬಸಿಯುವ ಬಗೆಗೆ ಪುಸ್ತಕ ಬರೆದ. ಕಂದಕ ತೋಡಿ, ಕಲ್ಲು ತುಂಬಿ, ಮೇಲೆ ಮಣ್ಣು ಮುಚ್ಚುವ ಪದ್ಧತಿಗೆ ‘ಫ್ರೆಂಚ್ ಡ್ರೈನ್’ ಎಂಬ ಹೆಸರು ಬಂದದ್ದು ಅವನಿಂದ. ಫ್ರಾನ್ಸ್ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. (ವಾಷಿಂಗ್ಟನ್ನಿನಲ್ಲಿ ಕುಳಿತ ಭಂಗಿಯ ಲಿಂಕನ್ ಪ್ರತಿಮೆಯನ್ನು ರೂಪಿಸಿದ ಶಿಲ್ಪಿ ಇದೇ ಫ್ರೆಂಚನ ಮಗ.) ಈಗ ಕಂದಕದ ತಳದಲ್ಲಿ ತೂತುಳ್ಳ ಪ್ಲಾಸ್ಟಿಕ್ ಪೈಪು ಇಟ್ಟು, ಸುತ್ತ ಜಲ್ಲಿ ತುಂಬಿ, ಮಣ್ಣು ನುಗ್ಗದಂತೆ ಜಲ್ಲಿಗೆ ವಿಶೇಷ ಬಟ್ಟೆ ಹೊದಿಸುತ್ತಾರೆ. ಬಟ್ಟೆಯ ಹಣ ಉಳಿಸಿದವರ ಪೈಪು ಕೆಲವೇ ಮಳೆಗಾಲಗಳಲ್ಲಿ ಹೂಳು ಕಟ್ಟುತ್ತದೆ.

ಆದರೆ ಈ ಪೈಪು ಎಲ್ಲ ಮನೆಗೂ ಬೇಕಿಲ್ಲ. ಮಾರುವವರು ಹೇಳುವುದಕ್ಕಿಂತ ಬಹಳ ಕಡಿಮೆ ಮನೆಗಳಿಗೆ ಬೇಕು. ಸೂರಿನ ನೀರೇ ತೊಂದರೆಯಾದರೆ ಸೂರಿಗೆ ದೋಣಿ ಕಟ್ಟಿ ದೂರ ಸಾಗಿಸಿದರೆ ಮುಗಿಯಿತು. ಅಂಗಳದಲ್ಲಿ ನೀರು ನಿಂತರೆ ಗೋಡೆಯಿಂದ ಹೊರಕ್ಕೆ ಹತ್ತು ಅಡಿಗೆ ಅರ್ಧ ಅಡಿಯಷ್ಟು ಇಳಿಜಾರು ಕೊಟ್ಟು, ಅಂಚಿನಲ್ಲಿ ತೆರೆದ ಚರಂಡಿ ಮಾಡಿದರೆ ಸಾಕು. ತೆರೆದ ಚರಂಡಿಯ ದೊಡ್ಡ ಗುಣವೆಂದರೆ ಕಟ್ಟಿಕೊಂಡದ್ದು ಕಣ್ಣಿಗೆ ಕಾಣುತ್ತದೆ. ನೆಲದೊಳಗಿನ ಬಸಿನೀರು ಖಚಿತವಾದಾಗ ಮಾತ್ರ ಜಲ್ಲಿ, ಪೈಪಿನ ಮಾತು. ಅದಕ್ಕೂ ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು, ತುದಿಯಲ್ಲಿ ನೀರು ಬಿಡಲು ತಗ್ಗಿನ ಜಾಗ ಬೇಕು.

ಎರೆಮಣ್ಣಿನ ಜಾಗದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಈ ಮಣ್ಣು ನೆನೆದರೆ ಹಿಗ್ಗುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲಿನ ಮನೆ ವರ್ಷಕ್ಕೊಮ್ಮೆ ಉಸಿರಾಡಿದಂತೆ ಏರಿಳಿದು ಗೋಡೆ ಸೀಳುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ತುದಿಯಲ್ಲಿ ಅಗಲವಾಗುವ ಕಂಬದ ಅಡಿಪಾಯವನ್ನು ರೂಪಿಸಿತು. ಅಷ್ಟು ಖರ್ಚು ಮಾಡಲಾಗದವರು ಮನೆಯ ಸುತ್ತ ಮೂರು ನಾಲ್ಕು ಅಡಿ ಅಗಲದ ಚಪ್ಪಡಿಯನ್ನೋ ಕಾಂಕ್ರೀಟನ್ನೋ ಹಾಸಿ ತಳಪಾಯದ ಮಣ್ಣು ನೆನೆಯದಂತೆ ನೋಡಿಕೊಳ್ಳಬೇಕು. ಜಗಳೂರಿನಂಥ ಊರಲ್ಲಿ ಮಳೆನೀರನ್ನು ಹೊರಗೆ ಹರಿಯಬಿಡಲು ಯಾರಿಗೂ ಮನಸ್ಸಾಗದು. ಇಂಗುಗುಂಡಿ ತೋಡುವುದು ಸರಿಯೇ. ಅದನ್ನು ಗೋಡೆಯ ಮಗ್ಗುಲಲ್ಲಿ ತೋಡಿದರೆ ಕೊಳವೆ ಬಾವಿಗೆ ಅನುಕೂಲ, ಮನೆಗೆ ಅಪಾಯ.

ಹೊನ್ನಾಳಿಯ ಕಷ್ಟವೇ ಬೇರೆ. 2019ರ ಆಗಸ್ಟಿನಲ್ಲಾದಂತೆ ತುಂಗಭದ್ರೆ ಉಕ್ಕಿದಾಗ ಬಾಲರಾಜ ಘಾಟಿನಂಥ ತಗ್ಗು ಬೀದಿಗಳಿಗೆ ನೀರು ನುಗ್ಗುತ್ತದೆ. ನದಿಯ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರಿದರೆ ಚರಂಡಿ ಹಿಂದಕ್ಕೆ ಹರಿಯುತ್ತದೆ. ಎಷ್ಟು ಒಳ್ಳೆಯ ಚರಂಡಿಯೋ ಅಷ್ಟು ಬೇಗ ನದಿ ಒಳಗೆ ಬರುತ್ತದೆ. ಅಲ್ಲಿ ಚರಂಡಿಯ ಬಾಯಿಗೆ ಹೊರಮುಖವಾಗಿ ಮಾತ್ರ ತೆರೆಯುವ ಬಾಗಿಲು ಬೇಕು, ಮನೆಯ ನೆಲಗಟ್ಟು ಎತ್ತರದಲ್ಲಿರಬೇಕು.

ನದಿಯಿಲ್ಲದ ಬೀದಿಗಳಲ್ಲೂ ಮನೆಗಳು ತಗ್ಗಿಗೆ ಬೀಳುತ್ತಿವೆ. ರಸ್ತೆಗೆ ಡಾಂಬರು ಬಿತ್ತು, ಅದರ ಮೇಲೆ ಮತ್ತೊಂದು ಪದರ, ಆಮೇಲೆ ಕಾಂಕ್ರೀಟು. ಹಳೆಯದನ್ನು ಅಗೆದು ತೆಗೆಯದ ಕಾರಣ ಹಿಂದೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿಯಬೇಕು. ಬೀದಿಗೆ ಹರಿಯುತ್ತಿದ್ದ ಬಚ್ಚಲ ಮೋರಿಯಲ್ಲಿ ಬೀದಿಯೇ ಒಳಕ್ಕೆ ಹರಿಯುತ್ತದೆ. ಇಂಥ ಮನೆಯ ಅಂಗಳಕ್ಕೆ ಹೊಸ ಚರಂಡಿ ಹಾಕಲು ಬಂದ ಮೇಸ್ತ್ರಿ ಮೊದಲು ಹಾರೆ ಹಿಡಿಯುವುದಿಲ್ಲ. ಉದ್ದನೆಯ ಪಾರದರ್ಶಕ ಪೈಪಿಗೆ ನೀರು ತುಂಬಿ ಒಂದು ತುದಿಯನ್ನು ರಸ್ತೆಯ ಮೋರಿಯ ಬಳಿ, ಇನ್ನೊಂದನ್ನು ಹಿತ್ತಲ ಗೋಡೆಯ ಬಳಿ ಹಿಡಿಸುತ್ತಾನೆ. ಎರಡೂ ಕಡೆ ನೀರು ಅಲುಗಾಟ ನಿಲ್ಲಿಸಿದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ಗುರುತಿನಿಂದ ಕೆಳಕ್ಕೆ ಟೇಪು ಇಳಿಬಿಡುತ್ತಾನೆ. ಹಿತ್ತಲು ರಸ್ತೆಗಿಂತ ಎಷ್ಟು ಅಂಗುಲ ತಗ್ಗಿಗಿದೆ ಎಂಬುದು ಮನೆಯವರಿಗೆ ತಿಳಿಯುವುದು ಬಹಳ ಸಲ ಅಂದೇ.