ಲೇಸರ್ ಲೆವೆಲ್ಲಿನ ಸುಳ್ಳು, ನೀರಿನ ಪೈಪಿನ ಸಾಕ್ಷಿ

ಹೋದ ವಿಡಿಯೋದಲ್ಲಿ ಲ್ಯಾಂಬ್ಟನ್ ಸಾಹೇಬರ ಬಗ್ಗೆ ಮಾತಾಡಿದ್ವಿ. ಇವತ್ತು ಎತ್ತರ ಅಳೆದ ಕಥೆ. ಆದರೆ ಶುರು ಮಾಡೋದು ನಾನೇ ಮಾಡಿದ ಒಂದು ತಪ್ಪಿನಿಂದ.

ಕೆಲವು ವರ್ಷದ ಹಿಂದೆ ಪುಣೆ ಹತ್ತಿರದ ಚಾಕಣದಲ್ಲಿ ಒಂದು ಗೋಡೌನಿನ ನೆಲಕ್ಕೆ ಕಾಂಕ್ರೀಟ್ ಹಾಕಿಸ್ತಿದ್ದೆ. ಮಟ್ಟ ನೋಡೋಕೆ ತಿರುಗುವ ಲೇಸರ್ ಲೆವೆಲ್ ಇತ್ತು. ಟ್ರೈಪಾಡ್ ಊರಿ, ಸ್ವಿಚ್ ಹಾಕಿದೆ. ಅದು ತಾನೇ ಮಟ್ಟ ಹಿಡಿದು ಹಸಿರು ದೀಪ ತೋರಿಸಿತು. ಕಾಂಕ್ರೀಟ್ ಲಾರಿ ಗೇಟಿನ ಹತ್ತಿರ ಬಂದು ನಿಂತಿತ್ತು. ಅಷ್ಟರಲ್ಲಿ ವಿಜಯಪುರ ಕಡೆಯ ಒಬ್ಬ ಹಿರಿಯ ಗೌಂಡಿ ಬಂದು, "ಸರ್, ನಿಮ್ಮ ಲೈಟ್ ಸುಳ್ಳ ಹೇಳಾಕತ್ತೈತ್ರಿ" ಅಂದರು.

ನನಗೆ ಸಿಟ್ಟೇ ಬಂತು. ಅವರ ಕೈಯಲ್ಲಿದ್ದದ್ದು ನೀರು ತುಂಬಿದ ಪಾರದರ್ಶಕ ಪೈಪು, ಅಂದರೆ ನಮ್ಮ ಟ್ಯೂಬ್ ಲೆವೆಲ್. ಅವರು ಮಾತು ಬೆಳೆಸಲಿಲ್ಲ. ಪೈಪಿನೊಳಗಿನ ಗುಳ್ಳೆ ತೆಗೆದರು, ಎರಡೂ ತುದಿಗಳನ್ನ ಪಕ್ಕಪಕ್ಕ ಹಿಡಿದು ನೀರು ಒಂದೇ ಮಟ್ಟಕ್ಕೆ ನಿಂತಿದೆ ಅಂತ ನನಗೇ ತೋರಿಸಿದರು. ಆಮೇಲೆ ಒಂದು ತುದಿಯನ್ನ ಲೇಸರ್ ಹತ್ತಿರ, ಇನ್ನೊಂದನ್ನ 30 ಮೀಟರ್ ಆಚೆಯ ಕಂಬಕ್ಕೆ ಹಿಡಿದರು. ನೀರಿಗೂ ಲೇಸರಿಗೂ 9 ಮಿಲಿಮೀಟರ್ ವ್ಯತ್ಯಾಸ! ಎತ್ತರದ ರ‍್ಯಾಕ್ ನಿಲ್ಲೋ ನೆಲದಲ್ಲಿ ಇದು ಸಣ್ಣ ತಪ್ಪಲ್ಲ. ಹಿಂದಿನ ದಿನ ಯಂತ್ರ ಜೀಪಿನಿಂದ ಬಿದ್ದಿತ್ತು. ಬಿದ್ದದ್ದು ಗೊತ್ತಿತ್ತು, ಆದರೂ ಹಸಿರು ದೀಪ ನೋಡಿ ನಂಬಿದ್ದೆ. ಲಾರಿ ಕಾಯಿಸಿದೆ.

ಆ ಭಾನುವಾರ ಪುಣೆಯ ಜಿಪಿಓ ಹತ್ತಿರದ ಝೀರೋ ಸ್ಟೋನ್ ನೋಡೋಕೆ ಹೋದೆ. ದಿನಾ ಸಾವಿರಾರು ಜನ ಅದರ ಪಕ್ಕದಲ್ಲೇ ಹಾದು ಹೋಗ್ತಾರೆ, ತಿರುಗಿ ನೋಡೋರು ಕಡಿಮೆ. ಅದು ಮಹಾ ತ್ರಿಕೋನಮಿತಿ ಸರ್ವೆಯ ಗುರುತು. 1802ರಲ್ಲಿ ಮದ್ರಾಸಿನಲ್ಲಿ ಶುರುವಾದ ಆ ಸರ್ವೆ ಮೊದಮೊದಲು ಎತ್ತರವನ್ನೂ ಕೋನಗಳಿಂದಲೇ ಲೆಕ್ಕ ಹಾಕ್ತಿತ್ತು. ಆದರೆ ಗಾಳಿಯಲ್ಲಿ ಬೆಳಕು ಬಾಗುತ್ತೆ, ಅದರಿಂದ ಲೆಕ್ಕ ಜಾರುತ್ತೆ. ಹಾಗಾಗಿ 1858ರಲ್ಲಿ ಕರಾಚಿಯ ಸಮುದ್ರ ಮಟ್ಟದಿಂದ ಹೊರಟು, ರಸಮಟ್ಟದ ಯಂತ್ರ ಹಿಡಿದು, ಹೆಜ್ಜೆಹೆಜ್ಜೆಗೂ ಅಳತೆ ಕೋಲು ನಿಲ್ಲಿಸ್ತಾ ಒಳನಾಡಿಗೆ ಎತ್ತರ ತಂದರು.

ಅವರ ಪದ್ಧತಿ ಗಮನಿಸಿ. ಒಬ್ಬರ ಅಳತೆ ಸಾಲದು. ಇನ್ನೊಬ್ಬರು ಬೇರೆ ಯಂತ್ರ ಹಿಡಿದು ಅದೇ ದಾರಿಯನ್ನ ಸ್ವತಂತ್ರವಾಗಿ ಅಳೆಯಬೇಕು. ಯಂತ್ರವನ್ನ ಹಿಂದಿನ ಕೋಲಿಗೂ ಮುಂದಿನ ಕೋಲಿಗೂ ಸಮ ದೂರದಲ್ಲಿ ಇಡಬೇಕು. ಯಾಕೆ? ಯಂತ್ರದ ನೋಟ ಮೇಲಕ್ಕೆ ವಾಲಿದ್ದರೆ ಎರಡೂ ಕಡೆ ಅಷ್ಟಷ್ಟೇ ತಪ್ಪು ಬರುತ್ತೆ. ಒಂದರಿಂದ ಇನ್ನೊಂದನ್ನ ಕಳೆದಾಗ ತಪ್ಪೂ ಕಳೆದು ಹೋಗುತ್ತೆ. ಅಂದರೆ ಯಂತ್ರ ಕೆಟ್ಟಿರಬಹುದು ಅಂತ ಮೊದಲೇ ಒಪ್ಪಿಕೊಂಡು ಕೆಲಸ ಮಾಡೋದು.

1909ರ ಹೊತ್ತಿಗೆ ದೇಶದ ಎತ್ತರಗಳನ್ನೆಲ್ಲ ಒಂದೇ ಜಾಲಕ್ಕೆ ಹೊಂದಿಸಿದಾಗ ಒಂದೇ ಬಂದರನ್ನೂ ನಂಬಲಿಲ್ಲ. ಒಂಬತ್ತು ಬಂದರುಗಳ ಸಮುದ್ರ ಮಟ್ಟವನ್ನ ಆಧಾರವಾಗಿ ತಗೊಂಡರು. ಅದರಲ್ಲಿ ನಮ್ಮ ಕಾರವಾರವೂ ಒಂದು! ದಖ್ಖನಿನ ಎತ್ತರದ ಲೆಕ್ಕದಲ್ಲಿ ಕಾರವಾರದ ಅಲೆಗಳಿಗೂ ಪಾಲಿದೆ. ಬಿಸಿಲಲ್ಲಿ ಕೋಲು ಹಿಡಿದು ನಿಂತ ಖಲಾಸಿಗಳಿಗೂ ಪಾಲಿದೆ, ಆದರೆ ಅವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ಈಗ ನಮ್ಮ ಲೇಸರಿಗೆ ಬನ್ನಿ. ಟ್ರೈಪಾಡ್ ಕಾಲು ಗಟ್ಟಿ ನೆಲದಲ್ಲಿ ಊರಿ, ಮಿಕ್ಸರ್ ನಡುಗೋ ಜಾಗ ಬೇಡ. ತಲೆಯನ್ನ ಕೈಯಲ್ಲೇ ಆದಷ್ಟು ಮಟ್ಟ ಮಾಡಿ, ಯಂತ್ರ ಸುಧಾರಿಸಿಕೊಳ್ಳೋ ತನಕ ಕಾಯಿರಿ. 30 ಮೀಟರ್ ದೂರದ ಗೋಡೆ ಮೇಲೆ ರಿಸೀವರ್ ಹಿಡಿದು ಗುರುತು ಹಾಕಿ. ಯಂತ್ರವನ್ನ ಬುಡದಲ್ಲೇ ಅರ್ಧ ಸುತ್ತು ತಿರುಗಿಸಿ ಮತ್ತೆ ಗುರುತು ಹಾಕಿ. ಎರಡೂ ಒಂದೇ ಕಡೆ ಬಿದ್ದರೆ ಸರಿ. ಬೇರೆ ಬಿದ್ದರೆ ನಡುವಿನ ಅಂತರದ ಅರ್ಧವೇ ತಪ್ಪು. ನನಗೆ ಆವತ್ತು 18 ಮಿಲಿಮೀಟರ್ ಅಂತರ ಬಂತು, ಅಂದರೆ ತಪ್ಪು 9. ಪೈಪು ಹೇಳಿದ್ದೂ ಅಷ್ಟೇ! ಆಮೇಲೆ ಕಾಲು ಸುತ್ತು ತಿರುಗಿಸಿ ಇನ್ನೊಂದು ಅಕ್ಷಕ್ಕೂ ಹೀಗೇ ಮಾಡಿ. ಇದಕ್ಕೆಲ್ಲ ಹದಿನೈದು ನಿಮಿಷ ಸಾಕು.

ಹಸಿರು ದೀಪ ಹೇಳೋದು "ನಾನು ಮಟ್ಟದಲ್ಲಿದ್ದೀನಿ ಅಂತ ನನಗೆ ಅನ್ನಿಸ್ತಿದೆ" ಅಂತ, ಅಷ್ಟೇ. ಅದಕ್ಕೆ ಹೊರಗಿನ ಸಾಕ್ಷಿ ಬೇಕು. ಆವತ್ತು ಆ ಸಾಕ್ಷಿ ಹೇಳಿದ ಹಿರಿಯರಿಗೆ ಚಹಾ ಕುಡಿಸಿದೆ, ಕ್ಷಮೆಯನ್ನೂ ಕೇಳಿದೆ. "ಪೈಪನ್ನೂ ದಿನಾ ನೋಡ್ಬೇಕ್ರಿ ಸರ್, ಅದೂ ಸುಳ್ಳ ಹೇಳ್ತೈತಿ" ಅಂದರು.

ನಿಮ್ಮೂರಲ್ಲಿ ಹಳೇ ಸರ್ವೆ ಕಲ್ಲು ಇದ್ದರೆ ಕಾಮೆಂಟಿನಲ್ಲಿ ತಿಳಿಸಿ. ಮತ್ತೆ ಸಿಗೋಣ.