ಬನಶಂಕರಿ ಜಾತ್ರೆಯ ಬಿಡಾರ

ಬಾದಾಮಿಗೆ ಸಮೀಪದ ಚೊಳಚಗುಡ್ಡದಲ್ಲಿ, ಮಲಪ್ರಭಾ ನದಿಯ ಸೀಮೆಯಲ್ಲಿ, ಪುಷ್ಯ ಮಾಸದ ಬನದ ಹುಣ್ಣಿಮೆಯಂದು ನಡೆಯುವ ಬನಶಂಕರಿ ದೇವಿಯ ರಥೋತ್ಸವಕ್ಕೆ ಬರುವವರು ಬಯಲಿನಲ್ಲಿ ಹೂಡುವ ತಾತ್ಕಾಲಿಕ ವಸತಿ. ಮಳೆಗಾಲ ಮುಗಿದು ನೆಲ ಒಣಗಿರುವ ಈ ಕಾಲದಲ್ಲಿ ಸುತ್ತಲಿನ ಹಳ್ಳಿಗರು ಚಕ್ಕಡಿ, ಅಂದರೆ ಎತ್ತಿನ ಗಾಡಿ, ಕಟ್ಟಿಕೊಂಡು ಬಂದು ಅದರ ನೆರಳಲ್ಲೇ ತಂಗುವುದು ಹಳೆಯ ರೂಢಿಯಾಗಿದ್ದು, ಈಗ ಟ್ರ್ಯಾಕ್ಟರುಗಳೂ ಸೇರಿಕೊಂಡಿವೆ. ನೀರಿನಂಶವಿಲ್ಲದಂತೆ ಬೇಯಿಸಿ ಒಣಗಿಸಿದ ಜೋಳದ ಖಡಕ್ ರೊಟ್ಟಿ ದಿನಗಟ್ಟಲೆ ಕೆಡದಿರುವುದರಿಂದ, ಶೇಂಗಾ ಹಿಂಡಿಯೊಡನೆ (ಚಟ್ನಿಪುಡಿ) ಅದೇ ಬುತ್ತಿಯ ಆಧಾರ.

ಈ ಬಿಡಾರಗಳಲ್ಲಿ ಹೆಚ್ಚು ಗಮನಾರ್ಹವಾದವು ವೃತ್ತಿ ನಾಟಕ ಕಂಪನಿಗಳವು: ಕಲಾವಿದರು ವಾರಗಟ್ಟಲೆ ಇಲ್ಲಿ ‘ಕ್ಯಾಂಪ್’ ಹಾಕಿ, ರಾತ್ರಿ ನಾಟಕವಾಡುತ್ತಾರೆ; ವೃತ್ತಿ ರಂಗಭೂಮಿಯನ್ನು ಉಳಿಸಿದ ಶ್ರೇಯಸ್ಸಿನಲ್ಲಿ ಈ ಬಯಲಿಗೂ ದೊಡ್ಡ ಪಾಲಿದೆ.