ನಾದಕ್ಕೊಂದು ಬಳಸುದಾರಿ

ವಾಚಕರೇ, ನಿಮ್ಮ ಅಟ್ಟದ ಮೇಲೆ ಹಳೆಯ ವಾಲ್ವ್ ರೇಡಿಯೋ ಉಳಿದಿದ್ದರೆ ಒಮ್ಮೆ ಅದರ ಬೆನ್ನು ನೋಡಿರಿ. ಅನೇಕ ಪೆಟ್ಟಿಗೆಗಳಲ್ಲಿ ಗ್ರಾಮೋಫೋನು ಜೋಡಿಸಲು ಎರಡು ತೂತುಗಳಿರುತ್ತಿದ್ದವು. ಸ್ವಿಚ್ಚನ್ನು 'ಗ್ರಾಂ' ಎಂಬಲ್ಲಿಗೆ ತಿರುಗಿಸಿದರೆ ನಿಲಯ ಹಿಡಿಯುವ ಭಾಗ ಬದಿಗೆ ಸರಿದು, ತಟ್ಟೆಯ ಹಾಡು ನೇರವಾಗಿ ವರ್ಧಕಕ್ಕೆ ಹೋಗುತ್ತಿತ್ತು.

ರೋಣದಲ್ಲಿ ೧೯೨೨ರಲ್ಲಿ ಜನಿಸಿದ ಭೀಮಸೇನ ಜೋಶಿಯವರಿಗೆ ಗುರುವನ್ನರಸುವ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ತಟ್ಟೆಯೇ. ನಾದದ ಅಂಚು ಮಸುಕಾದರೆ ಏನು ಹೋಗುತ್ತದೆಂದು ನಮ್ಮ ಸೀಮೆಗೆ ಹೇಳಬೇಕೆ?

ಗಜೇಂದ್ರಗಡದ ನನ್ನ ಶಿಷ್ಯನೊಬ್ಬ ಗಿಟಾರಿನ ಸ್ವರ ಮಾರ್ಪಡಿಸುವ ಹಳೆಯ ಮಾದರಿಯ ಕಾಲೊತ್ತು ಪೆಡಲೊಂದನ್ನು ತಂದು, "ಇದನ್ನ ಬಂದ್ ಮಾಡಿದ್ರೂ ಸ್ವರ ಮಂಕಾಗೇ ಇರ್ತೈತ್ರಿ, ಸರ್" ಎಂದ. ರೋಗ ಹಳೆಯದು. ೧೯೬೬ರಲ್ಲಿ ಲಂಡನ್ನಿನ ಆರ್ಬಿಟರ್ ಸಂಸ್ಥೆಯ 'ಫಜ್ ಫೇಸ್' ಪೆಡಲಿನ ಸ್ವಿಚ್ಚು ಒಳತಂತಿ, ಹೊರತಂತಿ ಎರಡನ್ನೂ ವಿದ್ಯುನ್ಮಂಡಲದಿಂದ ಬಿಡಿಸುತ್ತಿತ್ತು. ಮರುವರ್ಷದ 'ವಾಕ್ಸ್' ವಾ-ಪೆಡಲು, ವಿಚಿತ್ರ ನೋಡಿ, ಹೊರತಂತಿಯನ್ನಷ್ಟೇ ಬಿಡಿಸಿತು! ಒಳತಂತಿಗೆ ಅಂಟಿಕೊಂಡ ಮಂಡಲ ತಾರಧ್ವನಿಯನ್ನು ಹೀರುತ್ತಲೇ ಇತ್ತು.

ಹುಡುಗ ಆರು ಕಾಲಿನ ಸ್ವಿಚ್ ಬೆಸೆದ. ನಡುವಣ ಎರಡು ಕಾಲುಗಳಿಗೆ ಗಿಟಾರು ಹಾಗೂ ವರ್ಧಕ. ಒಂದು ಬದಿಯ ಎರಡಕ್ಕೆ ಪೆಡಲಿನ ಒಳಹೊರಗು. ಇನ್ನೊಂದು ಬದಿಯ ಎರಡರ ನಡುವೆ ತುಂಡು ತಂತಿ, ಅದೇ ಬಳಸುದಾರಿ. ಬಳಿಕ ಸಣ್ಣ ತಂತಿ ಮೀಟಿದ. ಗೆಜ್ಜೆ ಉಲಿದಂತಾಯಿತು.